ನಾಲ್ಕು ಸೆಕೆಂಡು

ರಾತ್ರಿ ಒಂದೂ ನಲವತ್ತಕ್ಕೆ ಫೋನು.
"ಲೈನು ನಿಂತೈತೆ ಸಾರ್. ಯಾರೂ ಏನೂ ಮುಟ್ಟಿಲ್ಲ."
ಯಾರೂ ಏನೂ ಮುಟ್ಟದೆ ನಿಂತ ಯಂತ್ರಗಳಿಂದಲೇ
ಹನ್ನೊಂದು ವರ್ಷ ನನ್ನ ಮನೆಯ ಒಲೆ ಉರಿದಿದೆ.
ಬಿ.ಎಂ. ರಸ್ತೆಯಲ್ಲಿ ಲಾರಿಗಳ ಬೆನ್ನು ಹಿಡಿದು,
ಜರ್ಕಿನ್ನಿನ ಜಿಪ್ಪು ಗಂಟಲವರೆಗೆ ಎಳೆದು,
ಹಾಸನದ ಚಳಿಯನ್ನು ಹಲ್ಲಲ್ಲಿ ಕಚ್ಚಿಕೊಂಡು
ಪಶು ಆಹಾರದ ಕಾರ್ಖಾನೆಗೆ ಬಂದರೆ
ಗೇಟಿನಲ್ಲೇ ಕಾಕಂಬಿಯ ವಾಸನೆ.

ಪ್ಯಾನೆಲ್ಲಿನ ಬಾಗಿಲು ತೆಗೆದೆ.
ಸಾಲು ಸಾಲು ಪುಟ್ಟ ದೀಪ, ಒಂದು ಮಾತ್ರ ಕೆಂಪು.
ನಾಲ್ಕನೆಯ ಇನ್‌ಪುಟ್ಟು ಚೀಲ ಇದೆ ಎನ್ನುತ್ತಿದೆ.
ಹೋಗಿ ನೋಡಿದರೆ ಚೀಲ ಇಲ್ಲ,
ಸೆನ್ಸಾರಿನ ಕಣ್ಣಿಗೆ ಬೆರಳ ದಪ್ಪ ಬೂಸಾ ಧೂಳು.
ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ
ಈ ಪಿಎಲ್‌ಸಿ.
ಕಟ್ಟಿದ್ದಾಯಿತು, ಹಾಲು ಮಾತ್ರ ಬರಲಿಲ್ಲವಲ್ಲ ಎಂದು
ಕೆಂಪು ದೀಪ ಹಚ್ಚಿಕೊಂಡು ಕೂತಿದೆ.

ಒರೆಸಿದೆ. ಹೋಯಿತು. ಹತ್ತು ಚೀಲಕ್ಕೆ ಮತ್ತೆ ಬಂತು.
ಮೀಟರಿನ ಎರಡು ಮೊನೆ ಇಟ್ಟು ಕೇಳಿದೆ:
ಇಪ್ಪತ್ತನಾಲ್ಕು ಇರಬೇಕಾದಲ್ಲಿ ಹದಿಮೂರು, ಹನ್ನೆರಡು,
ಹೌದೂ ಅಲ್ಲ, ಇಲ್ಲವೂ ಅಲ್ಲ,
ಹೆಣ್ಣು ಕೇಳಲು ಹೋದಾಗ ಹುಡುಗಿಯ ಸೋದರಮಾವ ಆಡುವ ಮಾತು.
ಟರ್ಮಿನಲ್ಲಿನ ತಿರುಪು ಅರ್ಧ ಸುತ್ತು ಸಡಿಲ.
ಅರ್ಧ ಸುತ್ತಿಗೆ ಮುನ್ನೂರು ಚೀಲ ನಿಂತಿದ್ದವು.

ಅಲ್ಲಿಗೆ ಮುಗಿಯಬೇಕಿತ್ತು. ಟೀ ಕುಡಿದು ಹೊರಡಬೇಕಿತ್ತು.
ಆದರೆ ಲ್ಯಾಪ್‌ಟಾಪು ತೆರೆದಿತ್ತು, ಒಳಗೆ ಇನ್ನಾಸಪ್ಪನ ಏಣಿ,
ಮೆಟ್ಟಿಲ ಮೇಲೆ ಮೆಟ್ಟಿಲು, ಎಲ್ಲಿಯೂ ಒಂದಕ್ಷರ ವಿವರಣೆಯಿಲ್ಲ.
ಆತ ನಿವೃತ್ತನಾಗಿ ಆಲೂರಿನ ಕಡೆ ಹೋದ ಮೇಲೆ
ಆ ಏಣಿ ಹತ್ತಿದವರೆಲ್ಲ ಆತನನ್ನು ಬೈದುಕೊಂಡೇ ಇಳಿದಿದ್ದಾರೆ.
ನಲವತ್ತೇಳನೇ ಮೆಟ್ಟಿಲಲ್ಲಿ ಒಂದು ಟೈಮರು:
ಚೀಲ ಕಂಡ ಮೇಲೂ ನಾಲ್ಕು ಸೆಕೆಂಡು ಸುಮ್ಮನಿರು, ಆಮೇಲೆ ಹಿಡಿ.
ಯಾಕೆ ನಾಲ್ಕು? ಕ್ಲ್ಯಾಂಪಿಗೆ ಒಂದು ಸಾಕು.
ಮೂರು ಸೆಕೆಂಡು ಉಳಿದರೆ ಪಾಳಿಗೆ ಎಷ್ಟು ಚೀಲ ಹೆಚ್ಚು ಎಂದು
ಬೆಳಿಗ್ಗೆ ಮ್ಯಾನೇಜರಿಗೆ ಹೇಳುವ ವಾಕ್ಯವನ್ನೂ ಜೋಡಿಸಿಕೊಂಡು
ಒಂದು ಎಂದು ತಿದ್ದಿದೆ.

ಮೊದಲ ಚೀಲ. ಎರಡು. ಆರು.
ಏಳನೆಯದಕ್ಕೆ ಸಣ್ಣತಾಯಮ್ಮನ ಬಲಗೈ
ಇನ್ನೂ ಚೀಲದ ಬಾಯಲ್ಲಿತ್ತು.
ಟಕ್.
ಕೈ ಬಂತು. ಬಳೆ ಬರಲಿಲ್ಲ.
ಬೂಸಾದೊಳಗೆ ಹಸಿರು ಗಾಜಿನ ಚೂರು.
"ದನದ ಹೊಟ್ಟೆಗೆ ಹೋದಾತು, ಆ ಚೀಲ ಬ್ಯಾರೆ ಇಡ್ರಪ್ಪ"
ಎಂದಳು, ಮೊದಲು ಅದನ್ನೇ ಎಂದಳು.
ಆಮೇಲೆ ನನ್ನ ಕಡೆ ತಿರುಗಿ,
"ಇಷ್ಟು ದಿನ ಇದು ನಂಗೆ ಕಾಯ್ತಿತ್ತು."
ಆಕೆಯ ನಡುಬೆರಳು, ಉಂಗುರಬೆರಳು ಮಡಚುವುದಿಲ್ಲ.
ಎಷ್ಟೋ ವರ್ಷದ ಹಿಂದಿನ ಬೆಲ್ಟು. ನನಗೆ ಗೊತ್ತಿರಲಿಲ್ಲ.
ಪ್ಯಾನೆಲ್ಲು ನೋಡಿದೆ: ಎಲ್ಲ ಹಸಿರು.
ಯಂತ್ರದ ಲೆಕ್ಕದಲ್ಲಿ ಏನೂ ಆಗಿರಲಿಲ್ಲ.

ಮತ್ತೆ ನಾಲ್ಕು ಎಂದು ಬರೆದೆ.
ಪಕ್ಕದಲ್ಲಿ ಕಾರಣ ಬರೆಯಲು ಹೋದರೆ
ಆ ಹಳೇ ಸಾಫ್ಟ್‌ವೇರಿಗೆ ಕನ್ನಡ ಬಾರದು,
ಸಣ್ಣತಾಯಮ್ಮ ಎಂದು ಒತ್ತಿದ್ದಕ್ಕೆ ಸಾಲಾಗಿ ಪ್ರಶ್ನೆಯ ಕೊಕ್ಕೆಗಳು.
ಮಾರ್ಕರು ತೆಗೆದು ಪ್ಯಾನೆಲ್ ಬಾಗಿಲಿನ ಒಳಮೈ ಒರೆಸಿದೆ.
ಧೂಳಿನಡಿ, ಪೆನ್ಸಿಲಿನಲ್ಲಿ, ಎಡಕ್ಕೆ ವಾಲಿದ ಅಕ್ಷರ:
"ತಾಯಮ್ಮನ ಕೈ. ನಾಲ್ಕು."
ಅದರ ಮೇಲೇ ಮಾರ್ಕರು ಎಳೆದೆ, ಬೇರೇನೂ ಸೇರಿಸದೆ.

ದಾಖಲೆ ಪುಸ್ತಕದಲ್ಲಿ ಒಂದು ಅಂಕಣ: ನಿಂತ ಕಾರಣ.
"ಧೂಳು, ಸಡಿಲ ತಿರುಪು" ಎಂದು ಬರೆದು ಸಹಿ ಹಾಕಿದೆ.
ಸುಳ್ಳಲ್ಲ.
ಬಳೆಗೆಂದು ಚಾಚಿದ ನೂರರ ನೋಟನ್ನು ಆಕೆ ನೋಡಲೂ ಇಲ್ಲ.
ಹೊಸ ಚೀಲದ ಬಾಯಿ ಬಿಡಿಸುತ್ತ ನಿಂತಿದ್ದಳು,
"ನಡೀಲಿ ಲೈನು" ಎಂದಳು.